ಎಷ್ಟು ಮದ್ದು ಸಾಕು?

ಹೊಸ ಔಷಧದ ಸುದ್ದಿ ಓದಿದವರು ಎರಡು ಪ್ರಶ್ನೆ ಕೇಳುತ್ತಾರೆ. ಇದರಿಂದ ಗುಣವಾಗುತ್ತದೆಯೇ? ಬೆಲೆ ಎಷ್ಟು? ಇವೆರಡರ ನಡುವೆ ಮೂರನೆಯದೊಂದಿದೆ, ಅದನ್ನು ಕೇಳುವವರು ಕಡಿಮೆ. ಎಷ್ಟು ಕೊಟ್ಟರೆ ಸಾಕು? ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ಕೊಡುವ ದುಬಾರಿ ಮದ್ದೊಂದರ ವಿಷಯದಲ್ಲಿ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಈ ಮೂರನೆಯ ಪ್ರಶ್ನೆಯನ್ನು ಕೇಳಿದರು. ಅದಕ್ಕೆ ಸುಳಿವು ಸಿಕ್ಕಿದ್ದು ನಮ್ಮ ರಕ್ತದಲ್ಲಿ ಓಡಾಡುವ ರೋಗನಿರೋಧಕ ಕೋಶವೊಂದರ ಮೈಮೇಲಿರುವ ಪುಟ್ಟ ಪ್ರೊಟೀನಿನಲ್ಲಿ. ಆ ಉತ್ತರ ಮೊದಲು ತಲುಪಬೇಕಾದ ಜನ ಇರುವುದು ಉಮರ್ಗಾ, ನಿಲಂಗಾ, ಉದಗೀರದಂಥ ಊರುಗಳಲ್ಲಿ.

ಈ ಮೂರೂ ಊರುಗಳು ಇಂದು ಮಹಾರಾಷ್ಟ್ರದ ಮರಾಠವಾಡಕ್ಕೆ ಸೇರಿವೆ. ಉಮರ್ಗಾ ಧಾರಾಶಿವ ಜಿಲ್ಲೆಯದು. ಮೊನ್ನೆ ಮೊನ್ನೆಯವರೆಗೆ ನಾವು ಉಸ್ಮಾನಾಬಾದ್ ಎಂದು ಕರೆಯುತ್ತಿದ್ದ ಜಿಲ್ಲೆಯೇ ಅದು. ನಿಲಂಗಾ, ಉದಗೀರಗಳು 1982ರಲ್ಲಿ ಹುಟ್ಟಿದ ಲಾತೂರ್ ಜಿಲ್ಲೆಯವು. ಆದರೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲೇ ಇದ್ದವು. ನಕ್ಷೆಯಲ್ಲಿ ಗೆರೆ ಎಳೆದ ಮೇಲೂ ಮನೆಮಾತು ಬದಲಾಗಲಿಲ್ಲ, ನೆಂಟಸ್ತಿಕೆ ನಿಲ್ಲಲಿಲ್ಲ. ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದ್ ಕಡೆಯಿಂದ ಹೆಣ್ಣು ತರುವುದು, ಕೊಡುವುದು ಇಂದಿಗೂ ನಡೆದಿದೆ. ಸಂತೆಯಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ, ಎರಡರಲ್ಲೂ ಒಂದಿಷ್ಟು ದಖನಿ ಉರ್ದು. ಜಡ್ಡು ಬಿದ್ದರೆ ದವಾಖಾನೆಯ ದಾರಿಯೂ ಹೀಗೆಯೇ ನಾಲ್ಕು ದಿಕ್ಕಿಗೆ. ಕೆಲವರು ಲಾತೂರಿಗೆ, ಕೆಲವರು ಸೊಲ್ಲಾಪುರಕ್ಕೆ, ಕೆಲವರು ಬೀದರ್ ಇಲ್ಲವೆ ಕಲಬುರಗಿಗೆ, ಕೈಯಲ್ಲಿ ನಾಲ್ಕು ಕಾಸಿದ್ದವರು ಹೈದರಾಬಾದಿಗೆ. ಕ್ಯಾನ್ಸರ್ ಎಂದು ಕೇಳಿದ ಮೇಲೆ ಹಲವರು ಕ್ಯಾನ್ಸರ್ ಆಸ್ಪತ್ರೆಯಿರುವ ಬಾರ್ಶಿಗೆ, ಅಲ್ಲಿಂದ ಮುಂಬೈಗೆ.

ಗೆರೆಯ ಎರಡೂ ಬದಿಗೆ ಹಂಚಿಕೆಯಾದ ಇನ್ನೊಂದು ವಸ್ತು ತಂಬಾಕು. ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿ ಕೆಳದುಟಿಯ ಹಿಂದೆ ಇಟ್ಟುಕೊಳ್ಳುವ ತಂಬಾಕು, ಹೊಲದ ಕೆಲಸಕ್ಕೆ ಹೋಗುವ ಮುಂಚೆ ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿ, ಹುಡುಗರ ಜೇಬಿನ ಗುಟ್ಕಾ, ಅಡಕೆಯ ಜೊತೆ ಕಲಸಿದ ಮಾವಾ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದ ವಯಸ್ಕರಲ್ಲಿ ಶೇ 24.4ರಷ್ಟು ಮಂದಿ ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದರು, ಕರ್ನಾಟಕದಲ್ಲಿ ಶೇ 16.3ರಷ್ಟು. ಮಹಾರಾಷ್ಟ್ರ ಗುಟ್ಕಾವನ್ನು ನಿಷೇಧಿಸಿದ್ದು 2012ರಲ್ಲಿ, ಕರ್ನಾಟಕ 2013ರಲ್ಲಿ. ನಿಷೇಧದ ಆದೇಶಗಳು ಕಡತದಲ್ಲಿವೆ. ಗಡಿ ದಾಟುವ ಗುಟ್ಕಾ ಲಾರಿಗಳನ್ನು ಹಿಡಿದ ಸುದ್ದಿ ಮಾತ್ರ ಎರಡೂ ಕಡೆಯ ಪತ್ರಿಕೆಗಳಲ್ಲಿ ನಿಂತಿಲ್ಲ.

ತಂಬಾಕಿನ ಲೆಕ್ಕ ಕೊನೆಗೆ ಬಾಯಿಯಲ್ಲೇ ತೀರುತ್ತದೆ. 2020ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ತುಟಿ ಮತ್ತು ಬಾಯಿಯ ಕ್ಯಾನ್ಸರಿನ ಹೊಸ ರೋಗಿಗಳು ಸುಮಾರು 1.36 ಲಕ್ಷ, ಸತ್ತವರು ಸುಮಾರು 75 ಸಾವಿರ. ಪಶ್ಚಿಮದ ದೇಶಗಳಲ್ಲಿ ನಾಲಿಗೆಯ ಕ್ಯಾನ್ಸರ್ ಹೆಚ್ಚು ಕಾಣುತ್ತದೆ. ನಮ್ಮಲ್ಲಿ ಕೆನ್ನೆಯ ಒಳಮೈ ಮತ್ತು ವಸಡು, ಅಂದರೆ ತಂಬಾಕಿನ ಉಂಡೆ ಗಂಟೆಗಟ್ಟಲೆ ಕೂರುವ ಜಾಗ. ಮೊದಲು ಒಂದು ಬಿಳಿಯ ಮಚ್ಚೆ. ಆಮೇಲೆ ಖಾರ ತಿಂದರೆ ಉರಿ. ಆಮೇಲೆ ಬಾಯಿ ಪೂರ್ತಿ ತೆರೆಯಲಾಗದ ಬಿಗಿತ. ಮಾಯದ ಹುಣ್ಣು, ಕುತ್ತಿಗೆಯ ಗಂಟು. ಇಷ್ಟೆಲ್ಲ ಆಗುವವರೆಗೆ ಹಲವರಿಗೆ ಹೇಳಿಕೊಳ್ಳುವಂಥ ನೋವಿರುವುದಿಲ್ಲ, ಅದೇ ಈ ರೋಗದ ಮೋಸ. ಹೀಗಾಗಿ ರೋಗಿ ದವಾಖಾನೆ ಮುಟ್ಟುವ ಹೊತ್ತಿಗೆ ಕತ್ತರಿಸಿ ತೆಗೆಯುವ ಅವಧಿ ಎಷ್ಟೋ ಸಲ ಮೀರಿರುತ್ತದೆ. ಕತ್ತರಿಸಿದ ಮೇಲೂ ಮರಳಿ ಬಂದರೆ, ಬೇರೆ ಅಂಗಕ್ಕೆ ಹಬ್ಬಿದರೆ, ಉಳಿಯುವುದು ಆಯುಷ್ಯವನ್ನು ಕೆಲವು ತಿಂಗಳು ಎಳೆಯುವ ಮದ್ದುಗಳಷ್ಟೆ.

ಆ ಮದ್ದುಗಳ ಸಾಲಿಗೆ ಕಳೆದ ದಶಕದಲ್ಲಿ ಬೇರೆಯೇ ಕುಲದ ಒಂದು ಮದ್ದು ಸೇರಿಕೊಂಡಿತು. ಅದರ ಕಥೆ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಶುರುವಾಗುತ್ತದೆ. 1992ರಲ್ಲಿ ತಸುಕು ಹೊಂಜೊ ಅವರ ಪ್ರಯೋಗಾಲಯದಲ್ಲಿ ಯಾಸುಮಾಸಾ ಇಶಿದಾ ಎಂಬ ಯುವ ಸಂಶೋಧಕರು ಸಾಯುವ ಹಂತದ ರೋಗನಿರೋಧಕ ಕೋಶಗಳಲ್ಲಿ ಯಾವ ವಂಶವಾಹಿ ಚುರುಕಾಗುತ್ತದೆ ಎಂದು ಹುಡುಕುತ್ತಿದ್ದರು. ಸಿಕ್ಕಿದ್ದಕ್ಕೆ ಪಿಡಿ-1 ಎಂದು ಹೆಸರಿಟ್ಟರು. ಕೋಶವನ್ನು ಕೊಲ್ಲುವ ಪ್ರೊಟೀನ್ ಇದೇ ಇರಬೇಕೆಂಬುದು ಆಗಿನ ಊಹೆ. ಊಹೆ ತಪ್ಪಿತ್ತು. ಪಿಡಿ-1 ಇಲ್ಲದಂತೆ ಮಾಡಿದ ಇಲಿಗಳನ್ನು ಬೆಳೆಸಿ ನೋಡಿದಾಗ ಅವುಗಳ ರೋಗನಿರೋಧಕ ಶಕ್ತಿ ತನ್ನದೇ ಕೀಲು, ಮೂತ್ರಪಿಂಡಗಳ ಮೇಲೆ ಎರಗಿತು. 1999ರಲ್ಲಿ ಈ ಸಂಗತಿ ಪ್ರಕಟವಾದಾಗ ಪಿಡಿ-1ರ ನಿಜವಾದ ಕೆಲಸ ಗೊತ್ತಾಯಿತು. ರೋಗನಿರೋಧಕ ಕೋಶ ಹದ ಮೀರದಂತೆ ಹಿಡಿದಿಡುವ ರಿಸೆಪ್ಟರ್, ಅಂದರೆ ಕೋಶದ ಮೈಮೇಲಿದ್ದು ಹೊರಗಿನ ಸಂದೇಶ ಹಿಡಿಯುವ ಪ್ರೊಟೀನ್, ಅದು.

ಉಳುವ ಎತ್ತಿಗೆ ಮೂಗುದಾರ ಇರುತ್ತದಲ್ಲ, ಪಿಡಿ-1 ಹಾಗೆ. ಟಿ ಕೋಶಗಳೆಂಬ ನಮ್ಮ ರೋಗನಿರೋಧಕ ಕೋಶಗಳು ಸೋಂಕು ತಗುಲಿದ ಕೋಶವನ್ನು, ದಾರಿ ತಪ್ಪಿದ ಕೋಶವನ್ನು ಗುರುತಿಸಿ ಕೊಲ್ಲುವ ಬಲವುಳ್ಳವು. ಆ ಬಲ ಮನೆಯವರ ಮೇಲೇ ತಿರುಗದಿರಲು ಮೂಗುದಾರ ಬೇಕು. ದೇಹದ ಆರೋಗ್ಯವಂತ ಕೋಶಗಳು ಪಿಡಿ-ಎಲ್1 ಎಂಬ ಪ್ರೊಟೀನನ್ನು ಮುಂದೆ ಚಾಚಿ ಆ ದಾರವನ್ನು ಮೆಲ್ಲಗೆ ಜಗ್ಗುತ್ತವೆ, ಟಿ ಕೋಶ ಸುಮ್ಮನಾಗುತ್ತದೆ. ಕ್ಯಾನ್ಸರ್ ಕೋಶವೂ ಈ ವಿದ್ಯೆ ಕಲಿತಿದೆ. ಅದೂ ಪಿಡಿ-ಎಲ್1 ಚಾಚಿ ದಾರ ಜಗ್ಗುತ್ತದೆ, ಕೊಲ್ಲಲು ಬಂದ ಟಿ ಕೋಶ ಪಕ್ಕದಲ್ಲೇ ತಲೆ ತಗ್ಗಿಸಿ ನಿಲ್ಲುತ್ತದೆ. ಹಳೆಯ ಕೀಮೊಥೆರಪಿ ಕ್ಯಾನ್ಸರ್ ಕೋಶಕ್ಕೆ ನೇರವಾಗಿ ವಿಷ ಹಾಕುತ್ತದೆ. ಹೊಸ ಮದ್ದು ಕ್ಯಾನ್ಸರನ್ನು ಮುಟ್ಟುವುದೇ ಇಲ್ಲ. ಟಿ ಕೋಶದ ಮೇಲಿನ ಪಿಡಿ-1 ರಿಸೆಪ್ಟರಿಗೆ ತಾನೇ ಅಂಟಿಕೊಂಡು, ದಾರ ಕ್ಯಾನ್ಸರಿನ ಕೈಗೆ ಸಿಗದಂತೆ ಮಾಡುತ್ತದೆ. ಉಳಿದ ಕೆಲಸ ಟಿ ಕೋಶದ್ದು.

ಈ ಮದ್ದಿನ ಹೆಸರು ನಿವೊಲುಮ್ಯಾಬ್. 2014ರ ಜುಲೈಯಲ್ಲಿ ಜಪಾನ್ ಇದಕ್ಕೆ ಮೊದಲ ಅನುಮತಿ ಕೊಟ್ಟಿತು, ಚರ್ಮದ ಒಂದು ಬಗೆಯ ಕ್ಯಾನ್ಸರಿಗಾಗಿ. ಸಿಟಿಎಲ್‌ಎ-4 ಎಂಬ ಇನ್ನೊಂದು ರಿಸೆಪ್ಟರಿನ ಮೇಲೆ ಇಂಥದೇ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್ ಅವರ ಜೊತೆ ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ನಿವೊಲುಮ್ಯಾಬಿನ ದೊಡ್ಡ ಪರೀಕ್ಷೆಯ ಫಲಿತಾಂಶ 2016ರಲ್ಲಿ ಹೊರಬಿತ್ತು. ಕೀಮೊಥೆರಪಿ ಪಡೆದೂ ರೋಗ ಉಲ್ಬಣಿಸಿದ 361 ಮಂದಿಯ ಮೇಲೆ ನಡೆದ ಆ ಪರೀಕ್ಷೆಯಲ್ಲಿ, ಒಂದು ವರ್ಷದ ನಂತರ ಬದುಕಿದ್ದವರು ಈ ಮದ್ದು ಪಡೆದವರಲ್ಲಿ ಶೇ 36, ಬೇರೆ ಮದ್ದು ಪಡೆದವರಲ್ಲಿ ಶೇ 16.6. ರೋಗ ಮಾಯವಾಗಲಿಲ್ಲ, ಆದರೆ ವರ್ಷ ದಾಟಿದವರ ಸಂಖ್ಯೆ ಇಮ್ಮಡಿಯಾಯಿತು.

ಬೆಲೆ ಕೇಳಿದರೆ ಮಾತು ನಿಲ್ಲುತ್ತದೆ. ಪೂರ್ಣ ಪ್ರಮಾಣದಲ್ಲಿ ಈ ಮದ್ದು ತೆಗೆದುಕೊಳ್ಳಲು ತಿಂಗಳಿಗೆ ಲಕ್ಷಗಳ ಲೆಕ್ಕ, ಅದೂ ತಿಂಗಳುಗಟ್ಟಲೆ. ಸೋಯಾಬೀನ್, ತೊಗರಿ ಬೆಳೆದು ಮಳೆಯ ದಾರಿ ಕಾಯುವ ಸೀಮೆಯಲ್ಲಿ ಒಂದು ತಿಂಗಳ ಸೂಜಿಗೆ ಒಂದು ತುಂಡು ಹೊಲ ಮಾರಬೇಕು. ಇದು ಗಡಿನಾಡಿನ ಸಮಸ್ಯೆ ಮಾತ್ರವಲ್ಲ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಇಂಥ ಮದ್ದನ್ನು ಅನುಮೋದಿತ ಪ್ರಮಾಣದಲ್ಲಿ ಪಡೆಯಬಲ್ಲವರು ನೂರಕ್ಕೆ ಮೂವರನ್ನು ಮೀರುವುದಿಲ್ಲ ಎಂದು ಟಾಟಾ ಆಸ್ಪತ್ರೆಯ ವೈದ್ಯರೇ ಬರೆದಿದ್ದಾರೆ. ಉಳಿದ 97 ಮಂದಿಗೆ ನೊಬೆಲ್ ಬಂದ ವಿಜ್ಞಾನ ಇದ್ದೂ ಇಲ್ಲದಂತೆ.

ಇಲ್ಲಿ ಆ ಮೂರನೆಯ ಪ್ರಶ್ನೆ ಬರುತ್ತದೆ. ಅದಕ್ಕೆ ಬೇಕಾದ ಸುಳಿವು 2010ರಷ್ಟು ಹಿಂದೆಯೇ ಪ್ರಕಟವಾಗಿತ್ತು. ನಿವೊಲುಮ್ಯಾಬನ್ನು ಮನುಷ್ಯರಿಗೆ ಮೊದಲ ಬಾರಿ ಕೊಟ್ಟ ಆ ಅಧ್ಯಯನದಲ್ಲಿ 39 ರೋಗಿಗಳಿದ್ದರು. ದೇಹದ ಪ್ರತಿ ಕಿಲೊ ತೂಕಕ್ಕೆ 0.3 ಮಿಲಿಗ್ರಾಮಿನಿಂದ ಹಿಡಿದು 10 ಮಿಲಿಗ್ರಾಮಿನವರೆಗೆ ಬೇರೆ ಬೇರೆ ಪ್ರಮಾಣ ಕೊಟ್ಟು ನೋಡಿದರು. ಆಮೇಲೆ ರಕ್ತ ತೆಗೆದು, ಟಿ ಕೋಶಗಳ ಮೇಲಿನ ಪಿಡಿ-1 ರಿಸೆಪ್ಟರುಗಳಲ್ಲಿ ಎಷ್ಟಕ್ಕೆ ಮದ್ದು ಅಂಟಿದೆ ಎಂದು ಎಣಿಸಿದರು. ನೂರರಲ್ಲಿ 70ಕ್ಕೂ ಹೆಚ್ಚು ರಿಸೆಪ್ಟರುಗಳು ತುಂಬಿದ್ದವು. ಒಂದೇ ಸೂಜಿಯ ನಂತರ ಎರಡು ತಿಂಗಳವರೆಗೂ ಹಾಗೆಯೇ ಇದ್ದವು. ಪ್ರಮಾಣ ಮೂವತ್ತು ಪಟ್ಟು ಏರಿಸಿದರೂ ಈ ಲೆಕ್ಕ ಹೆಚ್ಚು ಕದಲಲಿಲ್ಲ. ಕೂರುವ ಜಾಗವೇ ತುಂಬಿದ ಮೇಲೆ ಹೆಚ್ಚುವರಿ ಮದ್ದು ರಕ್ತದಲ್ಲಿ ಸುಮ್ಮನೆ ಸುತ್ತುತ್ತದೆ.

ಹಾಗಿದ್ದರೆ ಅನುಮೋದಿತ ಪ್ರಮಾಣ ಅಷ್ಟೊಂದು ದೊಡ್ಡದಾಗಿದ್ದು ಏಕೆ? ಕ್ಯಾನ್ಸರ್ ಮದ್ದುಗಳ ಲೋಕದಲ್ಲಿ ಹಳೆಯ ಪದ್ಧತಿಯೊಂದಿದೆ. ರೋಗಿ ತಾಳಿಕೊಳ್ಳಬಲ್ಲ ಅತಿ ಹೆಚ್ಚಿನ ಪ್ರಮಾಣ ಎಷ್ಟೆಂದು ಹುಡುಕಿ, ಅದರ ಹತ್ತಿರ ನಿಲ್ಲುವುದು. ವಿಷದಿಂದ ಕ್ಯಾನ್ಸರ್ ಕೊಲ್ಲುವ ಕೀಮೊಥೆರಪಿಗೆ ಇದು ಸರಿ, ಅಲ್ಲಿ ಹೆಚ್ಚು ವಿಷಕ್ಕೆ ಹೆಚ್ಚು ಕೋಶ ಸಾಯುತ್ತದೆ. ರಿಸೆಪ್ಟರಿಗೆ ಅಂಟುವ ಮದ್ದಿನ ನಡತೆ ಬೇರೆ. ಅಲ್ಲಿ ಕೇಳಬೇಕಾದದ್ದು, ರಿಸೆಪ್ಟರುಗಳು ತುಂಬಲು ಕನಿಷ್ಠ ಎಷ್ಟು ಬೇಕು ಎಂದು. ಕನಿಷ್ಠವನ್ನು ಹುಡುಕುವ ಪರೀಕ್ಷೆಗೆ ಮದ್ದು ಮಾರುವವರು ದುಡ್ಡು ಹಾಕಬೇಕೆಂದು ನಿರೀಕ್ಷಿಸುವುದು ವ್ಯಾಪಾರದ ಗುಣ ತಿಳಿಯದವರ ಮಾತು. ಅದು ಸಾರ್ವಜನಿಕ ಆಸ್ಪತ್ರೆಯ ಕೆಲಸ.

ಟಾಟಾ ಮೆಮೋರಿಯಲ್‌ನ ವಿಜಯ್ ಪಾಟೀಲ್, ವನಿತಾ ನೊರೊನ್ಹಾ, ಕುಮಾರ್ ಪ್ರಭಾಷ್ ಮತ್ತು ಸಂಗಡಿಗರು ಆ ಕೆಲಸ ಮಾಡಿದರು. ಗುಣಪಡಿಸಲಾಗದ ಹಂತ ತಲುಪಿದ ತಲೆ-ಕುತ್ತಿಗೆ ಕ್ಯಾನ್ಸರಿನ 151 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರು ಅಗ್ಗದ ಗುಳಿಗೆಗಳು: ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್. ಇನ್ನೊಂದು ಗುಂಪಿಗೆ ಅವೇ ಗುಳಿಗೆಗಳ ಜೊತೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್. ಲೆಕ್ಕ ಹಾಕಿ ನೋಡಿ. ಪೂರ್ಣ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ, ಅಂದರೆ ಆರು ವಾರಕ್ಕೆ 720. ಇವರು ಕೊಟ್ಟಿದ್ದು ಆರು ವಾರಕ್ಕೆ 40. ಹದಿನೆಂಟರಲ್ಲಿ ಒಂದು ಪಾಲು. 60 ಕಿಲೊ ತೂಕದ ಮನುಷ್ಯನಿಗೆ 20 ಮಿಲಿಗ್ರಾಂ ಎಂದರೆ ಕಿಲೊಗೆ 0.33, 2010ರ ಅಧ್ಯಯನದ ಅತಿ ಕಡಿಮೆ ಪ್ರಮಾಣಕ್ಕೆ ಹೆಚ್ಚುಕಡಿಮೆ ಸಮ.

ಫಲಿತಾಂಶ ಅಮೆರಿಕದ ಕ್ಲಿನಿಕಲ್ ಆಂಕಾಲಜಿ ನಿಯತಕಾಲಿಕದಲ್ಲಿ 2022ರ ಅಕ್ಟೋಬರಿನಲ್ಲಿ ಬಂತು. ಗುಳಿಗೆ ಮಾತ್ರ ಪಡೆದವರಲ್ಲಿ ಒಂದು ವರ್ಷ ಬದುಕಿದವರು ಶೇ 16.3. ಜೊತೆಗೆ ಆ ಚೂರು ಸೂಜಿ ಪಡೆದವರಲ್ಲಿ ಶೇ 43.4. ಬದುಕಿನ ಮಧ್ಯಮ ಅವಧಿ 6.7 ತಿಂಗಳಿಂದ 10.1 ತಿಂಗಳಿಗೆ ಏರಿತು. ತೀವ್ರ ಅಡ್ಡಪರಿಣಾಮಗಳು ಹೆಚ್ಚಲಿಲ್ಲ. ಮೂರೂವರೆ ತಿಂಗಳು ಏನು ಮಹಾ ಎಂದು ಕೇಳುವವರು ಇರಬಹುದು. ಮಗಳ ಮದುವೆ, ಮಗನ ಪರೀಕ್ಷೆ, ಹೊಲದ ಖಾತೆ ಬದಲಾವಣೆ, ಇವೆಲ್ಲ ಇಂಥ ತಿಂಗಳುಗಳಲ್ಲೇ ಆಗಬೇಕಿರುತ್ತವೆ ಎಂಬುದು ಆ ಮನೆಯವರಿಗೆ ಗೊತ್ತು.

ಇಷ್ಟು ಹೇಳಿ ಚಪ್ಪಾಳೆ ತಟ್ಟಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಈ ಪರೀಕ್ಷೆ ಚೂರು ಮದ್ದನ್ನು ಹೋಲಿಸಿದ್ದು ನಿವೊಲುಮ್ಯಾಬ್ ಇಲ್ಲದೆ ಗುಳಿಗೆ ಮಾತ್ರ ಪಡೆದ ಗುಂಪಿನ ಜೊತೆ, ಪೂರ್ಣ ಪ್ರಮಾಣ ಪಡೆದ ಗುಂಪಿನ ಜೊತೆಗಲ್ಲ. ಪೂರ್ಣಕ್ಕೂ ಚೂರಿಗೂ ವ್ಯತ್ಯಾಸವೇ ಇಲ್ಲವೆಂದು ಇದರಿಂದ ಹೇಳಲು ಬರುವುದಿಲ್ಲ. ನಡೆದದ್ದು ಒಂದೇ ಆಸ್ಪತ್ರೆಯಲ್ಲಿ. ರಕ್ತದ ಟಿ ಕೋಶಗಳ ಮೇಲೆ ರಿಸೆಪ್ಟರು ತುಂಬಿತೆಂದ ಮಾತ್ರಕ್ಕೆ ಗಡ್ಡೆಯ ಒಳಗಿನ ಕೋಶಗಳ ಮೇಲೂ ತುಂಬಿದೆ ಎನ್ನಲಾಗದು. ಮೂಗುದಾರ ಸಡಿಲಿಸಿದ ಎತ್ತು ಒಮ್ಮೊಮ್ಮೆ ಬೆಳೆಯನ್ನೇ ತುಳಿಯುತ್ತದೆ. ಥೈರಾಯ್ಡ್, ಶ್ವಾಸಕೋಶ, ಕರುಳು, ಯಕೃತ್ತುಗಳ ಮೇಲೆ ಟಿ ಕೋಶಗಳು ಎರಗುವ ಅಪಾಯ ಈ ಬಗೆಯ ಎಲ್ಲ ಮದ್ದಿಗೂ ಇದೆ. ಹಾಗಾಗಿ ಇದು ಕ್ಯಾನ್ಸರ್ ತಜ್ಞರ ಕಣ್ಣೆದುರು ಕೊಡಬೇಕಾದ ಮದ್ದು, ತಾಲ್ಲೂಕಿನ ಅಂಗಡಿಯಲ್ಲಿ ಕೊಂಡು ಹಾಕಿಸಿಕೊಳ್ಳುವ ಸೂಜಿಯಲ್ಲ.

ಎಚ್ಚರ ಏಕೆ ಬೇಕೆಂಬುದಕ್ಕೆ ಕರ್ನಾಟಕದಲ್ಲೇ ಒಂದು ಉದಾಹರಣೆ ಇದೆ. ಟಿ ಕೋಶದ ಮೇಲೆ ಸಿಡಿ6 ಎಂಬ ಇನ್ನೊಂದು ರಿಸೆಪ್ಟರ್ ಉಂಟು. ಅದಕ್ಕೆ ಅಂಟುವ ಇಟೊಲಿಜುಮ್ಯಾಬ್ ಮೂಲತಃ ಕ್ಯೂಬಾದ ಹವಾನಾದ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ್ದು. ಅದನ್ನು ಬೆಳೆಸಿ 2013ರಲ್ಲಿ ಸೋರಿಯಾಸಿಸ್ ಚರ್ಮರೋಗಕ್ಕೆ ಮಾರುಕಟ್ಟೆಗೆ ತಂದದ್ದು ಬೆಂಗಳೂರಿನ ಬಯೊಕಾನ್. 2020ರ ಜುಲೈಯಲ್ಲಿ ಕೋವಿಡ್ ಉಲ್ಬಣಿಸಿದ್ದಾಗ ಇದೇ ಮದ್ದಿಗೆ ತುರ್ತು ಬಳಕೆಯ ಅನುಮತಿ ಸಿಕ್ಕಿತು. ಆಧಾರ 30 ರೋಗಿಗಳ ಒಂದು ಪರೀಕ್ಷೆ. ಮದ್ದು ಪಡೆದ 20 ಮಂದಿಯೂ ಉಳಿದರು, ಪಡೆಯದ 10 ಮಂದಿಯಲ್ಲಿ ಮೂವರು ಸತ್ತರು ಎಂಬುದು ಲೆಕ್ಕ. ಇಷ್ಟು ಸಣ್ಣ ಸಂಖ್ಯೆ ಸಾಲದೆಂದು ರಾಷ್ಟ್ರೀಯ ಕಾರ್ಯಪಡೆ ಅದನ್ನು ದೇಶದ ಚಿಕಿತ್ಸಾ ಕ್ರಮದಲ್ಲಿ ಸೇರಿಸಲಿಲ್ಲ. ರಿಸೆಪ್ಟರ್ ಒಳ್ಳೆಯ ಗುರಿಯೇ ಇರಬಹುದು. ಗುರಿ ಗೊತ್ತಿದ್ದ ಮಾತ್ರಕ್ಕೆ ಮದ್ದು ರುಜುವಾಗುವುದಿಲ್ಲ. ರುಜುವಾತು ಜನರನ್ನು ಎಣಿಸುವುದರಿಂದ ಬರುತ್ತದೆ, ಸಾಕಷ್ಟು ಜನರನ್ನು, ನ್ಯಾಯವಾಗಿ ಎಣಿಸುವುದರಿಂದ.

ಎಣಿಕೆಯ ಮಾತು ಬಂದರೆ ಈ ಗಡಿಸೀಮೆಗೆ ಜಗತ್ತು ಸಾಲಗಾರ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾದದ್ದು ಪಕ್ಕದ ಬಾರ್ಶಿಯಲ್ಲಿ. ಹಳ್ಳಿಗಳಲ್ಲಿ ಕ್ಯಾನ್ಸರ್ ಎಷ್ಟಿದೆ, ಯಾವುದು ಹೆಚ್ಚು ಎಂದು ಮನೆ ಮನೆ ತಿರುಗಿ ಬರೆದಿಡುವ ಕೆಲಸ ನಮ್ಮಲ್ಲಿ ಮೊಳೆತದ್ದು ಅಲ್ಲಿ. ಆಮೇಲೆ 1999ರಿಂದ, ಉಮರ್ಗಾ ಯಾವ ಜಿಲ್ಲೆಗೆ ಸೇರಿದೆಯೋ ಅದೇ ಉಸ್ಮಾನಾಬಾದಿನ ಹಳ್ಳಿಗಳಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆ ಕುರಿತ ಬೃಹತ್ ಅಧ್ಯಯನ ನಡೆಯಿತು. ಟಾಟಾ ಮೆಮೋರಿಯಲ್, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆ ಮತ್ತು ಫ್ರಾನ್ಸಿನ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕೂಡಿ ನಡೆಸಿದ್ದು. ಹಳ್ಳಿಗಳ 52 ಗುಂಪು, 1,31,746 ಹೆಂಗಸರು. 2009ರಲ್ಲಿ ಫಲಿತಾಂಶ ಬಂದಾಗ, ಜೀವನದಲ್ಲಿ ಒಮ್ಮೆ ಎಚ್‌ಪಿವಿ ವೈರಾಣುವಿನ ಪರೀಕ್ಷೆ ಮಾಡಿದರೂ ಈ ಕ್ಯಾನ್ಸರಿನ ಸಾವು ಅರ್ಧದಷ್ಟು ಇಳಿಯುತ್ತದೆ ಎಂದು ಜಗತ್ತಿಗೆ ತಿಳಿಯಿತು. ಪರೀಕ್ಷೆಯ ಗುಂಪಿನಲ್ಲಿ 34 ಸಾವು, ಯಾವ ತಪಾಸಣೆಯೂ ಇಲ್ಲದ ಗುಂಪಿನಲ್ಲಿ 64.

ಆ 64ರ ಬಗ್ಗೆ ಆಮೇಲೆ ಕಟುವಾದ ನೈತಿಕ ಚರ್ಚೆ ನಡೆಯಿತು. ತಪಾಸಣೆಯಿಂದ ಅನುಕೂಲ ಇದೆಯೆಂದು ಮುಂಚೆಯೇ ಗೊತ್ತಿರುವಾಗ ಒಂದು ಗುಂಪನ್ನು ಹಾಗೇ ಬಿಟ್ಟದ್ದು ಸರಿಯೇ ಎಂದು ಹಲವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆ ಚರ್ಚೆಯಲ್ಲಿ ಯಾರ ಪಕ್ಷ ಹಿಡಿದರೂ ಒಂದು ಮಾತು ಒಪ್ಪಲೇಬೇಕು. ಜಗತ್ತಿನ ವೈದ್ಯಶಾಸ್ತ್ರ ಇಂದು ಎಚ್‌ಪಿವಿ ತಪಾಸಣೆಯ ಬಗ್ಗೆ ಧೈರ್ಯದಿಂದ ಮಾತಾಡುವುದರ ಹಿಂದೆ ಈ ಬರದ ಸೀಮೆಯ ಹೆಂಗಸರಿದ್ದಾರೆ. ರುಜುವಾತಿಗೆ ಮೈ ಕೊಟ್ಟವರಿಗೆ ಅದರ ಫಲ ಮೊದಲು ಮುಟ್ಟಬೇಕು. ಮುಟ್ಟಿದೆಯೇ ಎಂದು ಉಮರ್ಗಾದ ಯಾವ ಓಣಿಯಲ್ಲಿ ಬೇಕಾದರೂ ಕೇಳಿ ನೋಡಬಹುದು.

ಚೂರು ಪ್ರಮಾಣದ ಮದ್ದಿಗೂ ಹೀಗೆ ಆಗಬಾರದು. ಮುಂಬೈಯಲ್ಲಿ ರುಜುವಾದದ್ದು ಮುಂಬೈಯಲ್ಲೇ ಉಳಿದರೆ, ಉದಗೀರದ ರೋಗಿಗೆ ಅದು ಜಪಾನಿನ ಸುದ್ದಿಯಷ್ಟೇ ದೂರ. ಆಗಬೇಕಾದ ಕೆಲಸಗಳು ಕಷ್ಟದವೇನಲ್ಲ. ಮೊದಲನೆಯದು ಸೀಸೆಯ ಲೆಕ್ಕ. ಈ ಮದ್ದು 40 ಮತ್ತು 100 ಮಿಲಿಗ್ರಾಮಿನ ಸೀಸೆಗಳಲ್ಲಿ ಬರುತ್ತದೆ. ತೆರೆದ ಸೀಸೆಯನ್ನು ಬಹಳ ಹೊತ್ತು ಇಟ್ಟುಕೊಳ್ಳಲು ಬರುವುದಿಲ್ಲ. 40ರ ಸೀಸೆ ಇಬ್ಬರಿಗೆ, 100ರದು ಐವರಿಗೆ ಸಾಕು, ಅವರೆಲ್ಲ ಒಂದೇ ದಿನ ಬಂದರೆ. ಲಾತೂರ್, ಸೊಲ್ಲಾಪುರ, ಕಲಬುರಗಿಯಂಥ ಜಿಲ್ಲಾ ಕೇಂದ್ರಗಳ ಕ್ಯಾನ್ಸರ್ ವಿಭಾಗಗಳು ಮೂರು ವಾರಕ್ಕೊಂದು ದಿನ ಗೊತ್ತು ಮಾಡಿದರೆ ಒಂದು ಸೀಸೆಯ ವೆಚ್ಚ ಐವರಲ್ಲಿ ಹಂಚಿಹೋಗುತ್ತದೆ. ಯಂತ್ರ ಬೇಡ, ಕಟ್ಟಡ ಬೇಡ, ಒಂದು ವೇಳಾಪಟ್ಟಿ ಬೇಕು.

ಎರಡನೆಯದು ಕೂಡಿ ಕೊಳ್ಳುವ ಬುದ್ಧಿ. ದೇಶದ ಕ್ಯಾನ್ಸರ್ ಆಸ್ಪತ್ರೆಗಳ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಎಂಬ ಒಕ್ಕೂಟ 40 ಮದ್ದುಗಳನ್ನು ಒಟ್ಟಾಗಿ ಖರೀದಿಸಿದಾಗ, ಬಿಡಿಯಾಗಿ ಕೊಂಡಿದ್ದರೆ ತೆರಬೇಕಿದ್ದ ಹಣದಲ್ಲಿ ದೊಡ್ಡ ಪಾಲು ಉಳಿಯಿತು. ನೂರಾರು ಕೋಟಿಗಳ ಉಳಿತಾಯ ಅದು. ನಿವೊಲುಮ್ಯಾಬಿನ ಭಾರತೀಯ ಪೇಟೆಂಟಿನ ಅವಧಿ 2026ರ ಮೇ ತಿಂಗಳಿನವರೆಗಿನದು. ಪೇಟೆಂಟಿನ ತಡೆ ಇಲ್ಲದೆ ದೇಶೀ ತಯಾರಿಕೆಗಳು ಬಂದಷ್ಟೂ ಬೆಲೆ ಇನ್ನೂ ಇಳಿಯಬೇಕು. ಆಗ ಚೂರು ಪ್ರಮಾಣವೂ ಅಗ್ಗದ ಬೆಲೆಯೂ ಕೂಡಿ, ಸರ್ಕಾರದ ವಿಮಾ ಯೋಜನೆಗಳಿಗೆ ಇದು ನಿಭಾಯಿಸಬಹುದಾದ ಖರ್ಚಾಗುತ್ತದೆ. ಮದ್ದು ಅಗ್ಗವಾಯಿತೆಂದು ಪೂರ್ಣ ಪ್ರಮಾಣಕ್ಕೆ ಮರಳಿ ಕೆಲವರಿಗೆ ಮಾತ್ರ ಕೊಡುವುದೋ, ಚೂರು ಪ್ರಮಾಣದಲ್ಲಿ ಎಲ್ಲರಿಗೂ ಮುಟ್ಟಿಸುವುದೋ ಎಂಬ ಪ್ರಶ್ನೆ ಆಗ ಏಳುತ್ತದೆ. ಈ ಸೀಮೆಯವರ ಉತ್ತರ ಏನಿರಬೇಕೆಂಬುದರಲ್ಲಿ ಸಂಶಯವಿಲ್ಲ.

ಮೂರನೆಯದು ಗಡಿಯ ಗೊಂದಲ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆ ಒಂದು ಕಡೆ, ಕರ್ನಾಟಕದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇನ್ನೊಂದು ಕಡೆ. 2023ರಲ್ಲಿ ಮಹಾರಾಷ್ಟ್ರ ತನ್ನ ಯೋಜನೆಯನ್ನು ಕರ್ನಾಟಕದೊಳಗಿನ 865 ಗಡಿ ಹಳ್ಳಿಗಳಿಗೆ ವಿಸ್ತರಿಸಲು ಹೊರಟಾಗ ಎರಡೂ ಕಡೆ ರಾಜಕೀಯದ ಧೂಳೆದ್ದಿತು. ನೆಲದ ಹಕ್ಕಿನ ವಾದವನ್ನು ನ್ಯಾಯಾಲಯ ನೋಡಿಕೊಳ್ಳಲಿ. ಹುಣ್ಣಿಟ್ಟುಕೊಂಡು ಬಸ್ಸು ಹತ್ತಿದ ನಿಲಂಗಾದ ಮುದುಕ ಹತ್ತಿರದ ಬೀದರಿಗೆ ಹೋಗಬೇಕೋ, ಕಾರ್ಡು ನಡೆಯುವ ಊರಿಗೆ ಹೋಗಬೇಕೋ ಎಂದು ನಿಲ್ದಾಣದಲ್ಲಿ ನಿಂತು ಯೋಚಿಸುವಂತಾಗಬಾರದು. ಕ್ಯಾನ್ಸರಿನ ಮಟ್ಟಿಗಾದರೂ ಎರಡು ರಾಜ್ಯಗಳು ಒಬ್ಬರ ಕಾರ್ಡನ್ನು ಇನ್ನೊಬ್ಬರು ಒಪ್ಪಿ, ಲೆಕ್ಕವನ್ನು ಆಮೇಲೆ ತಮ್ಮೊಳಗೆ ಚುಕ್ತಾ ಮಾಡಿಕೊಳ್ಳಬಹುದು. ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದ ನೆಲಕ್ಕೆ ಇಷ್ಟು ಸೌಜನ್ಯ ಹೆಚ್ಚೇನಲ್ಲ.

ಇವೆಲ್ಲಕ್ಕಿಂತ ಮುಂಚಿನ ಮಾತೊಂದಿದೆ, ಅದನ್ನು ಹೇಳದೆ ಮುಗಿಸಿದರೆ ಮದ್ದಿನ ಜಾಹೀರಾತಾದೀತು. ಪಿಡಿ-1 ರಿಸೆಪ್ಟರನ್ನು ಎಷ್ಟೇ ಜಾಣತನದಿಂದ ಹಿಡಿದರೂ, ಗುಣವಾಗದ ಹಂತದ ನೂರು ಮಂದಿಯಲ್ಲಿ 57 ಮಂದಿ ಆ ಪರೀಕ್ಷೆಯಲ್ಲೂ ವರ್ಷ ದಾಟಲಿಲ್ಲ. ಅದೇ ಬಾಯಿಯ ಕ್ಯಾನ್ಸರನ್ನು ಮಚ್ಚೆಯಾಗಿದ್ದಾಗಲೇ ಹಿಡಿದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುತ್ತದೆ. ಅದಕ್ಕೆ ನೊಬೆಲ್ ಬೇಡ, ಬೆಳಕು ಬೀಳುವ ಒಂದು ಕಿಟಕಿ ಮತ್ತು ಕನ್ನಡಿ ಸಾಕು. ತಿಂಗಳಿಗೊಮ್ಮೆ ಬಾಯಿ ತೆರೆದು ಕೆನ್ನೆಯ ಒಳಭಾಗ, ವಸಡು, ನಾಲಿಗೆಯ ಅಂಚು ನೋಡಿಕೊಳ್ಳಬೇಕು. ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಮೂರು ಬೆರಳು ಬಾಯೊಳಗೆ ಹೋಗದಷ್ಟು ಬಿಗಿತವಿದ್ದರೆ, ಎರಡು ವಾರದಲ್ಲಿ ಮಾಯದ ಹುಣ್ಣಿದ್ದರೆ, ಮನೆಮದ್ದು ಮಾಡುತ್ತ ಕೂರದೆ ದಂತವೈದ್ಯರಿಗಾದರೂ ತೋರಿಸಬೇಕು.

ತಂಬಾಕು ಬಿಡಬೇಕೆಂದಿರುವವರಿಗೆ 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ, ಕರೆಗೆ ಹಣವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲೂ ಇದರ ಕೇಂದ್ರಗಳಿವೆ. ಕನ್ನಡದಲ್ಲೂ ಮಾತಾಡಬಹುದು, ಮರಾಠಿಯಲ್ಲೂ ಮಾತಾಡಬಹುದು. ಈ ಪತ್ರಿಕೆ ಮಡಚುವ ಮುಂಚೆ ಆ ಸಂಖ್ಯೆಯನ್ನು ನಿಮ್ಮ ಮನೆಯಲ್ಲಿ ತಂಬಾಕು ತಿಕ್ಕುವವರಿಗೆ ಬರೆದುಕೊಡಿ.